ಕುಡಿಕೆಯ ಕೆಳಗಿನ ಚೀಟಿ

ಕಾಕಾರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಆ ಸೀಳಿನಲ್ಲಿ ಪೆನ್ಸಿಲ್ಲಿನ ಕರಿ ಪುಡಿ ಸದಾ ಕೂತಿರುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ ಎಂದು ಅವರ ಹೆಂಡತಿ ಕಾಕು ಗೊಣಗುತ್ತಿದ್ದರು. ಅರ್ಧ ಬ್ಲೇಡಿನಲ್ಲಿ ಪೆನ್ಸಿಲ್ ಹೆರೆದು, ಅಂಗೈಯಗಲದ ಚೀಟಿಯಲ್ಲಿ ಎರಡು ಸಾಲು ಬರೆದು, ಮಡಚಿ, ಆ ಉಗುರಿನಿಂದ ಮಡಿಕೆಯನ್ನು ಒತ್ತಿ, ಚಹಾದ ಮಣ್ಣಿನ ಕುಡಿಕೆಯ ಕೆಳಗೆ ಇಡುತ್ತಿದ್ದರು. ಅಲ್ಲಿಗೆ ನಾನು ಓದುತ್ತಿದ್ದ ಕಥೆ ಸತ್ತಿತೆಂದೇ ಲೆಕ್ಕ. ಆದರೂ ಕೊನೆಯ ಸಾಲಿನವರೆಗೆ ಓದಲೇಬೇಕಿತ್ತು.

ಕಾಕಾ ನನಗೆ ಬಂಧುವಲ್ಲ. ಧಾರವಾಡದ ಕಡೆಯವರು. ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಹಡಗುಗಳ ನಕ್ಷೆ ಬರೆಯುವ ಕೆಲಸ ಮಾಡಿ, ನಿವೃತ್ತರಾದ ಮೇಲೂ ಅಲ್ಲೇ ಎರಡನೇ ಮಹಡಿಯ ಮನೆಯಲ್ಲಿ ಉಳಿದವರು. ಗಂಡ ಹೆಂಡತಿ ಇಬ್ಬರೇ. ನಾನು ಮೈಸೂರಿನವಳು, ಜೀವರಸಾಯನ ವಿಜ್ಞಾನದಲ್ಲಿ ಸಂಶೋಧನೆ ಮಾಡಲು ಕೋಲ್ಕತ್ತಕ್ಕೆ ಬಂದು ದಕ್ಷಿಣೇಶ್ವರದಲ್ಲಿ ಕೋಣೆ ಹಿಡಿದವಳು. ಹಗಲೆಲ್ಲ ಪ್ರಯೋಗಾಲಯ, ಮಿಕ್ಕ ಹೊತ್ತಿನಲ್ಲಿ ಓದುಗರನ್ನು ಬೆಚ್ಚಿಬೀಳಿಸುವ ಸಣ್ಣ ಕಥೆಗಳು. ಕೊನೆಯ ಸಾಲಿನಲ್ಲಿ ಎಲ್ಲವೂ ತಲೆಕೆಳಗಾಗಬೇಕು, ಅದೇ ನನ್ನ ಹುಚ್ಚು.

ಇಲ್ಲಿನ ಕನ್ನಡಿಗರು ಸೇರಿ ಮಾಡಿದ ಒಂದು ರಾಜ್ಯೋತ್ಸವದಲ್ಲಿ ನನ್ನದೊಂದು ಕಥೆ ಓದಿದೆ. ಹಳೆಯ ಮನೆಯೊಂದರಲ್ಲಿ ಒಬ್ಬಳು ಹೆಂಗಸಿಗೆ ಮೇಲಿನ ಮಹಡಿಯಿಂದ ಹೆಜ್ಜೆ ಸಪ್ಪಳ ಕೇಳಿಸುತ್ತದೆ. ಕೊನೆಗೆ ನೋಡಿದರೆ ಮೇಲಿನವರು ಬದುಕಿದ್ದಾರೆ, ದೆವ್ವ ಇವಳೇ. ಸಭೆ ಚಪ್ಪಾಳೆ ತಟ್ಟಿತು. ಊಟದ ಸಾಲಿನಲ್ಲಿ ಈ ಮನುಷ್ಯ ನನ್ನ ಹಿಂದೆ ಬಂದು ನಿಂತರು.

“ಮೂರನೇ ಪುಟದಾಗ ಗೊತ್ತಾತು ಆಕೀನ ದೆವ್ವ ಅಂತ. ಎಲ್ಲಾರೂ ಚಹಾ ಕುಡದ್ರು, ಆಕಿ ಕುಡೀಲಿಲ್ಲ.”

ಹೀಗೆಂದು ತಮ್ಮ ವಿಳಾಸದ ಚೀಟಿಯೊಂದನ್ನು ನನ್ನ ತಟ್ಟೆಯ ಅಂಚಿಗೆ ಸಿಕ್ಕಿಸಿ ಹೋದರು. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಭಾನುವಾರ ಬೆಳಿಗ್ಗೆ ಮೆಟ್ರೋ, ಬಸ್ಸು, ಆಟೋ ಎಲ್ಲ ಹತ್ತಿಳಿದು ಅವರ ಮನೆ ಮುಟ್ಟಿದ್ದು ಆ ಉರಿಯಲ್ಲೇ.

ಅವರ ನಿಯಮ ಸರಳವಾಗಿತ್ತು. ನಾನು ವರಾಂಡದಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಅಂತ್ಯ ಹೊಳೆದ ಕ್ಷಣ ಅವರು ಅದನ್ನು ಚೀಟಿಯಲ್ಲಿ ಬರೆದಿಡುತ್ತಾರೆ, ಪಕ್ಕದಲ್ಲಿ ಯಾವ ಪುಟದಲ್ಲಿ ಹೊಳೆಯಿತು ಎಂಬುದನ್ನೂ. ಓದು ಮುಗಿದ ಮೇಲೆ ಕುಡಿಕೆ ಎತ್ತಿ ಚೀಟಿ ಬಿಚ್ಚುವವಳು ನಾನೇ. ಅವರ ಊಹೆ ಸರಿಯಾಗಿದ್ದರೆ ಕಥೆಯನ್ನು ನನ್ನ ಕೈಯಾರೆ ಹರಿಯಬೇಕು, ಬೇರೆ ಪ್ರತಿ ಇಟ್ಟುಕೊಳ್ಳಕೂಡದು. ಅದೂ ಸರಿಯಾಗಿ ನಾಲ್ಕು ತುಂಡಾಗಿ. ಏಕೆಂದರೆ ಆ ತುಂಡುಗಳು ಕೆಳಗಿನ ಮೂಲೆಯ ಝಾಲ್‌ಮುಡಿಯವನಿಗೆ ಹೋಗುತ್ತಿದ್ದವು, ಪೊಟ್ಟಣ ಕಟ್ಟಲು. ಕಾಕಾ ಅದನ್ನು ಊರಿನ ವಾಡಿಕೆಯಂತೆ ಚುರಮುರಿ ಎಂದೇ ಕರೆಯುತ್ತಿದ್ದರು. ಒಮ್ಮೆ ಅವರೇ ನನಗೆ ಕೊಡಿಸಿದ ಚುರಮುರಿಯ ಪೊಟ್ಟಣದ ಮೇಲೆ, ಸಾಸಿವೆ ಎಣ್ಣೆಯಲ್ಲಿ ನೆಂದ ನನ್ನದೇ ಕೈಬರಹ ಕಾಣಿಸಿತು: ‘ಅವಳು ಮೆಲ್ಲಗೆ ಹಿಂತಿರುಗಿ ನೋಡಿದಳು.’ ಕಾಕಾ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಇಷ್ಟು ದಿನಕ್ಕೆ ನಿನ್ನ ಕಥೆ ಒಬ್ಬರ ಹೊಟ್ಟೆ ತುಂಬಿಸಿತು ಎಂದರು.

ಅವರು ಕಟುಕರು, ಅದನ್ನು ಮುಚ್ಚಿಡುವುದಿಲ್ಲ. ಬಿಬಿಡಿ ಬಾಗ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ನಮ್ಮವರೊಬ್ಬರು ಒಂದು ಭಾನುವಾರ ತಮ್ಮ ಕಥೆ ತಂದಿದ್ದರು. ತಾಯಿಯ ಜೊತೆ ದಿನಾ ಮಾತಾಡುವ ಮಗ, ಕೊನೆಗೆ ತಾಯಿ ಎಂದೋ ತೀರಿಕೊಂಡಿದ್ದಳೆಂದು ತಿಳಿಯುತ್ತದೆ. ಅವರ ಸ್ವಂತ ತಾಯಿ ಹೋಗಿ ಆರು ತಿಂಗಳಾಗಿತ್ತು. ಓದಿ ಮುಗಿಸಿದರು. ಕುಡಿಕೆಯ ಕೆಳಗಿನ ಚೀಟಿಯಲ್ಲಿ ‘ತಾಯಿ ಸತ್ತಾಳ. ಪುಟ ಒಂದು, ಸಾಲು ಎರಡು’ ಎಂದಿತ್ತು. ಆತ ಹರಿದು, ಎದ್ದು ಹೋದವರು ಮತ್ತೆ ಬರಲಿಲ್ಲ. ನನಗೆ ಅಯ್ಯೋ ಅನ್ನಿಸಬೇಕಿತ್ತು. ಸದ್ಯ, ಹರಿಯುವ ಸರದಿ ಇವತ್ತು ನನ್ನದಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಅವರ ಮನೆಯಲ್ಲಿ ಕೂತು ಕೂತು ನಾನೂ ಹಾಗೇ ಆಗಿದ್ದೆನೋ, ಮೊದಲೇ ಹಾಗಿದ್ದೆನೋ.

ಆದರೆ ಅವರಷ್ಟು ಗಮನವಿಟ್ಟು ನನ್ನನ್ನು ಯಾರೂ ಓದಿಲ್ಲ, ಇನ್ನು ಓದುವುದೂ ಇಲ್ಲ. ಹಳೆಯ ಕಚೇರಿಯ ಲಿಫ್ಟ್ ನಡೆಸುವವನೊಬ್ಬ ಜನರನ್ನು ಇಲ್ಲದ ಮಹಡಿಗೆ ಕರೆದೊಯ್ಯುವ ಕಥೆ ಬರೆದಿದ್ದೆ. ನಾಲ್ಕನೇ ಪುಟದಲ್ಲಿ ಸಿಕ್ಕಿಬಿದ್ದೆ. ಹೇಗೆ ಗೊತ್ತಾಯಿತು ಎಂದು ಹಟ ಹಿಡಿದು ಕೇಳಿದ್ದಕ್ಕೆ, ಇಷ್ಟು ವರ್ಷ ಲಿಫ್ಟಿನ ಕನ್ನಡಿ ಒರೆಸದವನು ಇವತ್ತೇಕೆ ಒರೆಸಿದ ಎಂದು ತಿರುಗಿ ಕೇಳಿದರು. ಆಮೇಲೆ ಅವರು ಹೇಳಿದ್ದನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

“ಮುಚ್ಚಿಡಾಂವ ಸಿಗೂದಿಲ್ಲ ತಂಗಿ. ಎಂದೂ ಮಾಡದ್ದನ್ನ ಮಾಡಿದಾಂವ ಸಿಗತಾನ.”

ನಾಲ್ಕು ವರ್ಷ, ಹತ್ತೊಂಬತ್ತು ಕಥೆ, ಹತ್ತೊಂಬತ್ತನ್ನೂ ಹರಿದೆ. ಸಂಶೋಧನೆಯ ಪ್ರಬಂಧಕ್ಕೆ ಸಿಕ್ಕ ಹೊಗಳಿಕೆ ನನಗೆ ಏನೂ ಅನ್ನಿಸಲಿಲ್ಲ. ಈ ಮುದುಕರ ಬಾಯಲ್ಲಿ ‘ಗೆದ್ದಿ’ ಎನ್ನಿಸಿದರೆ ಸಾಕಿತ್ತು. ಚಪ್ಪಲಿ ಬಿಟ್ಟವಳೇ ಚೀಲದಿಂದ ಹಾಳೆ ತೆಗೆಯುತ್ತಿದ್ದೆ. ಕಾಕು ಚಹಾ ತರುವಷ್ಟರಲ್ಲಿ ಮೊದಲ ಪುಟ ಮುಗಿದಿರುತ್ತಿತ್ತು. ಹರಿದಾದ ಮೇಲೆ ಮೆಟ್ಟಿಲಿಳಿಯುವಾಗಲೇ ಮುಂದಿನ ಕಥೆಯ ಯೋಚನೆ ಶುರುವಾಗುತ್ತಿತ್ತು.

ನಾಲ್ಕನೇ ವರ್ಷ ದುರ್ಗಾಪೂಜೆಯ ರಜೆ ಮುಗಿದ ವಾರ ಕಾಕು ನನಗೆ ಫೋನ್ ಮಾಡಿ ಆಸ್ಪತ್ರೆಯೊಂದಕ್ಕೆ ಬರಹೇಳಿದರು. ಕಾಕಾ ಜೊತೆಗಿರಲಿಲ್ಲ. ಕಾಕು ಚೀಲದಿಂದ ಕಾಕಾರ ಪರೀಕ್ಷೆಯ ವರದಿಗಳ ಲಕೋಟೆ ತೆಗೆದು, ನೀನು ಇದನ್ನೇ ಓದಿದವಳಲ್ಲವೇ, ಇದರಲ್ಲಿ ಏನಿದೆ ನೋಡಿ ಹೇಳು ಎಂದರು. ಡಾಕ್ಟರು ಹೇಳಿದ್ದು ಪೂರ್ತಿ ಅರ್ಥವಾಗಿರಲಿಲ್ಲ, ಅಥವಾ ಇನ್ನೊಬ್ಬರ ಬಾಯಿಂದ ಬೇರೆ ಏನಾದರೂ ಕೇಳಬಹುದೆಂಬ ಆಸೆ ಇತ್ತು. ಬೇರೆ ಏನೂ ಇರಲಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಯಕೃತ್ತಿಗೂ ಹರಡಿತ್ತು. ಕೆಲವೇ ತಿಂಗಳು ಎಂದೆ. ಕಾಕು ಅಳಲಿಲ್ಲ. ಲಕೋಟೆಯನ್ನು ಮಡಚಿ ಮತ್ತೆ ಚೀಲದ ತಳಕ್ಕೆ ತುರುಕಿದರು.

“ಅವರಿಗೆ ಹೊಟ್ಯಾಗ ಹುಣ್ಣು ಅಂತ ಹೇಳೇನಿ. ನೀನೂ ಹಂಗ ಅನ್ನು. ಕಡೀದು ಗೊತ್ತಾತಂದ್ರ ನಡುವಿಂದು ಓದೂ ಮನಶ್ಯಾ ಅಲ್ಲ ಅವರು.”

ಅವರ ಕೈ ಹಿಡಿದು ಮಾತು ಕೊಟ್ಟೆ. ಮನಸ್ಸಿನಿಂದಲೇ ಕೊಟ್ಟೆ. ಆದರೆ ದಕ್ಷಿಣೇಶ್ವರಕ್ಕೆ ಹಿಂತಿರುಗುವ ಮೆಟ್ರೋದಲ್ಲಿ, ಕಂಬಿ ಹಿಡಿದು ನಿಂತಿದ್ದಾಗ, ಇಪ್ಪತ್ತನೆಯ ಕಥೆ ಇಡಿಯಾಗಿ ಬಂತು. ದೆವ್ವದ ಕಥೆಗಳನ್ನು ಕೇಳಿ ಅಂತ್ಯ ಹೇಳಿಬಿಡುವ ಒಬ್ಬ ಗಡಿಯಾರ ರಿಪೇರಿಯ ಮುದುಕ. ಅವನಿಗೆ ಪ್ರತಿ ವಾರ ಕಥೆ ಓದಿ ಹೇಳುವ ಹುಡುಗಿ. ಕೊನೆಯ ವಾರದ ಕಥೆಯಲ್ಲಿ ಒಬ್ಬ ಸಾಯಲಿದ್ದಾನೆ, ಅದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿದೆ. ಕೊನೆಯ ಸಾಲಿನಲ್ಲಿ ಹುಡುಗಿ ಹಾಳೆ ಮಡಚಿ ಸುಮ್ಮನೆ ಮುದುಕನ ಮುಖ ನೋಡುತ್ತಾಳೆ. ಎಲ್ಲರ ಅಂತ್ಯ ಬಲ್ಲವನಿಗೆ ತನ್ನದು ಗೊತ್ತಿಲ್ಲ. ಇದನ್ನು ಅವರು ಊಹಿಸಲಾರರು ಎನ್ನಿಸಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಎರಡೇ ದಿನದಲ್ಲಿ ಬರೆದು ಮುಗಿಸಿದೆ. ಕಾಕಾಗೆ ಓದಬಾರದು ಎಂದು ಶನಿವಾರದವರೆಗೂ ನನಗೆ ನಾನೇ ಹೇಳಿಕೊಂಡೆ. ಭಾನುವಾರ ಒಂಬತ್ತು ಪುಟವನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ.

ಬಾಗಿಲು ತೆರೆದವರು ಕಾಕಾ. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಹೇಗಿದ್ದೀರಿ ಕಾಕಾ ಎಂದೆ. ಚಲೋ ಇದ್ದೇನಿ, ಕೂಡು ಎಂದರು. ಎಂದಿನಂತೆ ಪೆನ್ಸಿಲ್ ಹೆರೆದರು. ಒಂದು ಚೀಟಿಯಲ್ಲಿ ಏನೋ ಗೀಚಿ, ಕೆಟ್ಟಿತು ಎಂದು ಗೊಣಗಿ ಅದನ್ನು ಜೇಬಿಗೆ ಹಾಕಿಕೊಂಡು ಇನ್ನೊಂದನ್ನು ಮುಂದಿಟ್ಟುಕೊಂಡರು.

ಓದಿದೆ. ಐದನೇ ಪುಟದವರೆಗೂ ಅವರ ಪೆನ್ಸಿಲ್ ಅಲ್ಲಾಡಲಿಲ್ಲ. ಆರನೇ ಪುಟದಲ್ಲಿ, ಅಡುಗೆಮನೆಯ ಬಾಗಿಲಿಗೆ ಬಂದ ಕಾಕು ಕೈಯಲ್ಲಿ ಸೌಟು ಹಿಡಿದು ಅಲ್ಲೇ ನಿಂತರು. ಅವರಿಗೆ ಅರ್ಥವಾಗಿತ್ತು. ತಲೆಯನ್ನು ಮೆಲ್ಲಗೆ ಅಡ್ಡಡ್ಡ ಆಡಿಸಿದರು, ಬೇಡ ಎಂದು. ನಾನು ಅದನ್ನು ನೋಡಿದೆ. ನೋಡಿಯೂ ಏಳನೇ ಪುಟ ತಿರುಗಿಸಿದೆ. ಈ ಬದುಕಿನಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ, ಆ ಪುಟ ತಿರುಗಿಸಿದ್ದು.

ಮುಗಿದ ಮೇಲೆ ಕಾಕಾ ಚೀಟಿಯನ್ನು ನಿಧಾನವಾಗಿ ಮಡಚಿ, ಉಗುರಿನಿಂದ ಒತ್ತಿ, ಕುಡಿಕೆಯ ಕೆಳಗಿಟ್ಟರು. ತೆಗೆದು ಬಿಚ್ಚಿದೆ. ಖಾಲಿ.

“ಗೆದ್ದಿ ತಂಗಿ,” ಎಂದರು. “ಇದನ್ನ ಹರೀಬ್ಯಾಡ. ಅಚ್ಚಿಗೆ ಕೊಡು.”

ಸುಳ್ಳು ಹೇಳಲಾರೆ, ಖುಷಿಯಾಯಿತು. ಮೂಲೆಯಲ್ಲಿ ಚುರಮುರಿ ಕೊಂಡು, ಬಸ್ಸಿಗೆ ಕಾಯುತ್ತ ಪೂರ್ತಿ ತಿಂದೆ. ಸಂಜೆ ಕಾಕು ಫೋನ್ ಮಾಡಿ ಇನ್ನು ಮೇಲೆ ಬರಬೇಡ ಎಂದಷ್ಟೇ ಹೇಳಿ ಇಟ್ಟಾಗ ನಾನು ಮಾಡಿದ್ದೇನೆಂದು ಮೊದಲ ಬಾರಿಗೆ ಹೊಳೆಯಿತು. ಒಬ್ಬ ಮನುಷ್ಯನಿಗೆ ಅವನ ಸಾವನ್ನು ಕಥೆಯ ಕೊನೆಯ ಸಾಲಾಗಿ ಓದಿ ಹೇಳಿ, ಅದಕ್ಕೆ ಶಭಾಸ್‌ಗಿರಿ ಪಡೆದು ಬಂದಿದ್ದೆ.

ಚಳಿಗಾಲ ಮುಗಿಯುವ ಮೊದಲೇ ಕಾಕಾ ಹೋದರು. ಕನ್ನಡಿಗರ ಗುಂಪಿನಲ್ಲಿ ಬಂದ ಒಂದು ಮೆಸೇಜಿನಿಂದ ತಿಳಿಯಿತು. ಸುಡುಗಾಡಿಗೆ ಹೋಗಿ ಗೇಟಿನ ಹೊರಗೇ ನಿಂತಿದ್ದು ಬಂದೆ. ಕಥೆಯನ್ನು ಮಾತ್ರ ಅವರು ಹೇಳಿದಂತೆ ಅಚ್ಚಿಗೆ ಕೊಟ್ಟಿದ್ದೆ. ವಾರಪತ್ರಿಕೆಯಲ್ಲಿ ಬಂತು, ಜನ ಮೆಚ್ಚಿದರು, ಪ್ರಕಾಶಕರೊಬ್ಬರು ತಾವಾಗಿಯೇ ಪುಸ್ತಕ ಕೇಳಿದರು. ಇಂಥ ಅಂತ್ಯ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದವರಿಗೆಲ್ಲ, ಹೀಗೇ, ಕಲ್ಪನೆ ಎಂದೆ. ಒಂದು ವರ್ಷ ಸರಿಯಾಗಿ ನಿದ್ದೆ ಮಾಡಲಿಲ್ಲ. ಕಥೆಯನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಪುಸ್ತಕಕ್ಕೆ ಅದರದೇ ಹೆಸರಿಟ್ಟೆ.

ಮೊದಲ ಪ್ರತಿ ಹಿಡಿದು ಗಾರ್ಡನ್ ರೀಚ್‌ಗೆ ಹೋದೆ. ಕ್ಷಮೆ ಕೇಳಲು ಎಂದುಕೊಂಡಿದ್ದೆ. ಕಾಕು ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. ಪುಸ್ತಕದ ಮುಖಪುಟ ನೋಡಿ ಒಳಗೆ ಹೋಗಿ ಕಾಕಾರ ಪೆನ್ಸಿಲ್ ಡಬ್ಬಿ ತಂದರು. ಅದರಲ್ಲಿ ಮಡಚಿದ ಒಂದು ಚೀಟಿ ಇತ್ತು.

“ಆವತ್ತ ಸಂಜಿಕೇನ ಕೊಟ್ಟಿದ್ರು. ಪುಸ್ತಕ ಬಂದಮ್ಯಾಲ ಕೊಡು, ಅದಕ್ಕೂ ಮೊದಲ ಬ್ಯಾಡ ಅಂದಿದ್ರು.”

ಮಡಿಕೆಯ ಮೇಲೆ ಸೀಳುಗುರಿನ ಕರಿ ಗುರುತು ಇನ್ನೂ ಇತ್ತು. ಕೆಟ್ಟಿತು ಎಂದು ಆ ದಿನ ಜೇಬಿಗೆ ಹಾಕಿಕೊಂಡ ಚೀಟಿ ಅದು. ನಕ್ಷೆಯ ಮೇಲೆ ಬರೆದಂಥ ಅವರ ನೆಟ್ಟಗಿನ ಅಕ್ಷರ:

‘ಕೇಳಾಂವನೇ ಸಾಯಾಂವ. ಪುಟ: ಬಾಗಿಲು. ನಾಲ್ಕು ವರ್ಷದಾಗ ಇವತ್ತ ಮೊದಲನೇ ಸಲ ನನ್ನ ಹೇಗಿದ್ದೀರಿ ಅಂತ ಕೇಳಿದಿ.’

ಕಥೆ ಅವರಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದ್ದು ನನ್ನ ಒಂದು ಒಳ್ಳೆಯ ಮಾತು, ನಾಲ್ಕು ವರ್ಷಕ್ಕೆ ಒಂದೇ ಒಂದು. ಅದು ತಿಳಿದೂ, ತನ್ನ ಸಾವಿನ ಒಂಬತ್ತು ಪುಟವನ್ನು ಅವರು ಕೂತು ಕೇಳಿದ್ದರು. ಎಲ್ಲಿ ನಿಲ್ಲಿಸುತ್ತೇನೋ ನೋಡೋಣ ಎಂದು. ನಾನು ನಿಲ್ಲಿಸಲಿಲ್ಲ. ಆಮೇಲೆ ಖಾಲಿ ಚೀಟಿ ಇಟ್ಟು ಗೆಲ್ಲಿಸಿದರು, ಅಚ್ಚಿಗೆ ಕೊಡು ಎಂದರು, ಹರಿಯಲಾಗದಷ್ಟು ಪ್ರತಿಗಳಾಗುವವರೆಗೆ ಈ ಚೀಟಿಯನ್ನು ತಡೆಹಿಡಿಸಿದರು. ಅಂತ್ಯ ಎಂದರೆ ಹೇಗಿರಬೇಕೆಂದು ನನಗೆ ಕಲಿಸಿದವರು ಅವರೇ, ಆ ಋಣ ತೀರಿಸಲಾರೆ.

“ನಿಯಮ ಗೊತ್ತದಲ್ಲಾ,” ಎಂದರು ಕಾಕು.

ಅಲ್ಲೇ ಬಾಗಿಲಲ್ಲಿ ನಿಂತು, ಪುಸ್ತಕದಿಂದ ಆ ಕಥೆಯ ಹಾಳೆಗಳನ್ನು ಕಿತ್ತು ನಾಲ್ಕು ತುಂಡು ಮಾಡಿದೆ. ಉಳಿದ ಪ್ರತಿಗಳೆಲ್ಲ ಆಗಲೇ ಊರೂರಿನ ಅಂಗಡಿಗಳಲ್ಲಿದ್ದವು. ಚುರಮುರಿಯವನಿಗೆ ನಾನೇ ಕೊಡುತ್ತೇನೆ ಎಂದು ಕಾಕು ಕೈಚಾಚಿ ತುಂಡುಗಳನ್ನು ಇಸಿದುಕೊಂಡರು. ಆ ಕೈ ತೆಳ್ಳಗಾಗಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು.

ನೀವು ಹೇಗಿದ್ದೀರಿ ಕಾಕು ಎಂದೆ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು.

“ಯಾಕ? ಇದನ್ನೂ ಬರೀಬೇಕೇನು?”

ಬಾಗಿಲು ಹಾಕಿಕೊಂಡರು. ಬರೆಯುವುದಿಲ್ಲ ಕಾಕು ಎಂದು ಮುಚ್ಚಿದ ಬಾಗಿಲಿಗೆ ಹೇಳಿದೆ. ಈಗ ಬರೆದಿದ್ದೇನೆ.