ಜಗಲಿಗೆ ಬಿದ್ದ ಚಿಲಕ

ಕೋವಿಡ್ ಕಳೆದ ಮರುವರ್ಷದ ಮಾತು. ಆಗ ನಾನು ನಂಜನಗೂಡಿನಲ್ಲಿ ವ್ಯಾಲ್ಯುಯರ್ ಆಗಿದ್ದೆ. ಮನೆ ಅಳೆದು, ಬೆಲೆ ಕಟ್ಟಿ, ವರದಿ ಬರೆದುಕೊಡುವ ಕೆಲಸ. ಬ್ಯಾಂಕಿನವರು ಕರೆಯುತ್ತಿದ್ದರು, ಪಾಲಾಗುವ ಅಣ್ಣತಮ್ಮಂದಿರೂ ಕರೆಯುತ್ತಿದ್ದರು. ಪಾಲಿನ ಮನೆಗೆ ಹೋಗುವಾಗ ತಿಂಡಿ ತಿಂದೇ ಹೊರಡುತ್ತಿದ್ದೆ. ಅಲ್ಲಿ ಒಬ್ಬರ ಕಾಫಿ ಕುಡಿದರೆ ಇನ್ನೊಬ್ಬರ ಮುಖ ಊದಿಕೊಳ್ಳುತ್ತದೆ.

ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಿಂದ ಶಿವಣ್ಣ ಎನ್ನುವವರು ಕರೆದರು. ಅವರ ತಮ್ಮ ತೀರಿಕೊಂಡಿದ್ದ. ತಮ್ಮನ ಹೆಂಡತಿ ಗೌರಮ್ಮ ಮತ್ತು ಪಿಯುಸಿ ಓದುವ ಮಗಳಿಗೆ ಮನೆಯಲ್ಲಿ ಅರ್ಧ ಪಾಲು ಸಲ್ಲಬೇಕಿತ್ತು. ಶಿವಣ್ಣ ಮೊದಲೇ ಎಲ್ಲ ತೀರ್ಮಾನಿಸಿದ್ದರು. ನಡುಮನೆ, ಕೋಣೆಗಳು, ಅಡುಗೆಮನೆ ತಮಗೆ. ಹಿತ್ತಲಿನ ಕೊಟ್ಟಿಗೆ ಮತ್ತು ಮುಂದಿನ ‘ಹಾಲ್’ ಗೌರಮ್ಮನಿಗೆ. ಊರಿನ ಇಬ್ಬರು ಯಜಮಾನರು ಹೂಂ ಅಂದಿದ್ದರು. ಎರಡು ಪಾಲೂ ಸಮ ಎನ್ನುವ ನನ್ನ ವರದಿಯೊಂದು ಬಾಕಿ.

ಹೋಗಿ ನೋಡಿದರೆ ಆ ಹಾಲ್ ಎನ್ನುವುದು ಜಗಲಿ! ಮೇಲೆ ಶೀಟು, ಸುತ್ತ ಗ್ರಿಲ್ಲು, ಗಾಜು, ಬೀದಿಗೊಂದು ಕಬ್ಬಿಣದ ಬಾಗಿಲು.

ಇದು ನಮ್ಮ ಕಸುಬಿನ ಹಳೆಯ ತಕರಾರು. ಗಾಜು ಹಾಕಿದ ಮಾತ್ರಕ್ಕೆ ಜಗಲಿ ಲಿವಿಂಗ್ ಏರಿಯಾಗೆ, ಅಂದರೆ ವಾಸದ ಅಳತೆಗೆ ಸೇರುವುದಿಲ್ಲ. ಗೋಡೆ, ಚಾವಣಿ ಒಳಮನೆಯಷ್ಟೇ ಭದ್ರವಾಗಿರಬೇಕು, ನೆಲ ಒಂದೇ ಮಟ್ಟದಲ್ಲಿರಬೇಕು, ಮಳೆಗಾಲ ಬೇಸಿಗೆ ಎನ್ನದೆ ವಾಸಕ್ಕಾಗಬೇಕು. ಇಲ್ಲಿ ನೆಲ ಒಂದು ಮೆಟ್ಟಿಲು ಕೆಳಗಿತ್ತು, ನೀರು ಹರಿಯಲೆಂದು ಬೀದಿಯ ಕಡೆಗೆ ವಾಟವಾಗಿತ್ತು. ಶೀಟಿನ ಕಾವಿಗೆ ನೆತ್ತಿ ಸುಡುತ್ತಿತ್ತು. ಅದರಡಿ ಗೌರಮ್ಮನ ಮಗಳು ಓದುತ್ತ ಕೂತಿದ್ದಳು.

"ಇದನ್ನ ಕೋಣೆ ಅಂತ ಬರೆಯೋಕಾಗಲ್ಲ ಶಿವಣ್ಣ," ಎಂದೆ.

"ಟೈಲ್ಸು, ಗಾಜು ಎಲ್ಲಾ ಆಕ್ಸಿವ್ನಲ್ಲ ಸಾ! ಕರ್ಸಿರೋನು ನಾನು. ಅವಳ ಉಸಾಬರಿ ನಿಮ್ಗ್ಯಾಕೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಆ ಯಜಮಾನರಿಬ್ಬರೂ ಬಂದರು. ಶಿವಣ್ಣ ಮುಖ ಅರಳಿಸಿ, "ಬನ್ನಿ ಬನ್ನಿ, ಜಗ್ಲಿ ಮ್ಯಾಲೆ ಕೂತ್ಕಳಿ," ಎಂದರು. ಅವರು ಹುಡುಗಿಯ ಪುಸ್ತಕ ಸರಿಸಿ, ಕೂತು, ಎಲೆಅಡಿಕೆ ಬಿಚ್ಚಿದರು. ಜಗಲಿಯ ಮೇಲೆ ಕೂರಲು ಯಾರನ್ನೂ ಕೇಳಬೇಕಿಲ್ಲ, ಅದು ನಮ್ಮ ಕಡೆಯ ರೂಢಿ. ಗ್ರಿಲ್ಲು ಬಂದಿತ್ತು, ರೂಢಿ ಹೋಗಿರಲಿಲ್ಲ. ಗೌರಮ್ಮ ನಡುಮನೆಯ ಹೊಸ್ತಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಶಿವಣ್ಣ ಯಜಮಾನರನ್ನು ಬೀದಿಗೆ ಕರೆದುಕೊಂಡು ಹೋಗಿ ಮನೆಯ ಎಲ್ಲೆ ತೋರಿಸತೊಡಗಿದರು. ನಾನು ಜಗಲಿಯಲ್ಲೇ ಟೇಪು ಸುತ್ತುತ್ತಿದ್ದೆ. ಗೌರಮ್ಮ ನೇರ ಬಂದು ಕಬ್ಬಿಣದ ಬಾಗಿಲು ಮುಚ್ಚಿ ಚಿಲಕ ಜಡಿದರು. ಅಕ್ಕಪಕ್ಕ ಬೇರೆಯವರ ಗೋಡೆ, ಹಿತ್ತಲಿಗೆ ಕಾಂಪೌಂಡು. ಮನೆಗೆ ಬೇರೆ ದಾರಿಯೇ ಇರಲಿಲ್ಲ.

ಶಿವಣ್ಣ ಬಾಗಿಲು ಬಡಿದರು. "ತೆಗಿಯವ್ವ, ಒಳಕ್ ಓಗ್ಬೇಕು!"

"ಇದು ನನ್ ಪಾಲಿನ್ ಕೋಣೆ ಅಲ್ವಾ ಬಾವ? ನನ್ ಮಗ್ಳು ಬಟ್ಟೆ ಬದಲಾಯಿಸ್ತಾವ್ಳೆ. ಅಲ್ಲೇ ನಿಂತ್ಕಳಿ."

ಹುಡುಗಿ ಪುಸ್ತಕ ಹಿಡಿದು ಕೂತೇ ಇದ್ದಳು. ಹೊರಗೆ ಬಡಿತ ಜೋರಾಯಿತು. ಗೌರಮ್ಮ ಚಿಲಕದ ಮೇಲಿಟ್ಟ ಕೈ ತೆಗೆಯಲಿಲ್ಲ. ಆ ಬಡಿತ ಕೇಳಿ ನನ್ನ ಸಿಟ್ಟು ಕಟ್ಟೆಯೊಡೆಯಿತು. ಗ್ರಿಲ್ಲಿನ ಹತ್ತಿರ ಹೋಗಿ, "ಶಿವಣ್ಣ, ಕೋಣೆ ಅಂತಲೇ ಬರೆದುಕೊಡ್ತೀನಿ. ಇನ್ನು ಅವರು ಬಾಗಿಲು ತೆಗೆದರೆ ಮಾತ್ರ ನೀವು ನಿಮ್ಮ ಮನೆಗೆ. ಒಪ್ಪಿಗೆನಾ?" ಎಂದು ಕೂಗಿದೆ.

ಹಿರಿಯ ಯಜಮಾನರು ಬಾಯಲ್ಲಿದ್ದ ಎಲೆ ಉಗಿದು, "ಲೇ ಶಿವ, ಅವಳ ಕೋಣೆ ತುಳ್ಕಂಡೇ ದಿನಾ ಓಡಾಡಾನ ಅಂತಿದ್ಯೇನ್ಲಾ? ನಮ್ಗೂ ಬುದ್ಧಿ ಓಡ್ಲಿಲ್ವಲ್ಲ," ಎಂದರು. ಶಿವಣ್ಣ ಬಡಿಯುವುದನ್ನು ನಿಲ್ಲಿಸಿದರು.

ವರದಿಯಲ್ಲಿ ‘ಮುಚ್ಚಿದ ಜಗಲಿ, ವಾಸದ ಅಳತೆಗೆ ಸೇರದು, ಇಬ್ಬರಿಗೂ ಸೇರಿದ ದಾರಿ’ ಎಂದು ಬರೆದೆ. ಯಜಮಾನರು ಪಾಲನ್ನು ಮತ್ತೆ ಮಾಡಿ, ಗೌರಮ್ಮನಿಗೆ ಒಳಗಿನ ಎರಡು ಕೋಣೆ ಕೊಡಿಸಿದರು. ಶಿವಣ್ಣ ಆಮೇಲೆ ಎಲ್ಲಿ ಸಿಕ್ಕರೂ ನನ್ನನ್ನು ಮಾತಾಡಿಸಲಿಲ್ಲ. ನನಗೇನೂ ನಷ್ಟವಾಗಲಿಲ್ಲ.

ಗಾಜು ಕಂಡೊಡನೆ ಕೋಣೆ ಎಂದು ಬರೆಯುವ ವರದಿ ನೋಡಿದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಹೊಸಬರು ಕೇಳಿದರೆ ನಿಯಮಗಳನ್ನೆಲ್ಲ ಹೇಳಿ, ಕೊನೆಗೆ ಇಷ್ಟು ಸೇರಿಸುತ್ತೇನೆ: ಟೇಪು ಬಿಚ್ಚುವ ಮೊದಲು, ನಿನ್ನ ಮಗಳನ್ನು ಅಲ್ಲಿ ಮಲಗಿಸುತ್ತೀಯಾ ಎಂದು ನಿನ್ನನ್ನೇ ಕೇಳಿಕೊ. ಇಲ್ಲ ಎಂದಾದರೆ ಇನ್ನೊಬ್ಬರ ಮಗಳಿಗೂ ಅದನ್ನು ಕೋಣೆ ಎಂದು ಬರೆಯಬೇಡ.