ಬಾವಿಯ ಹಗ್ಗ, ಲೇಸರಿನ ಗೆರೆ

ನಮ್ಮ ಬಾವಿಯ ಹಗ್ಗ ಮನೆಯೊಳಗೆ ಬರಬಾರದು ಎಂಬುದು ಅಪ್ಪಯ್ಯನ ಹಟ. ಉಳಿದ ಎಲ್ಲದಕ್ಕೂ ಹೂಂಗುಟ್ಟುವ ಮನುಷ್ಯ, ಇದೊಂದರಲ್ಲಿ ಮಾತ್ರ ಜಗ್ಗುತ್ತಿರಲಿಲ್ಲ. ಸಾಲಿಗ್ರಾಮದಿಂದ ಪಡುವಣಕ್ಕೆ, ಕಡಲಿಗೆ ಹತ್ತಿರ ನಮ್ಮ ಮನೆ. ಅಜ್ಜನ ಕಾಲದಿಂದ ದೇವಸ್ಥಾನದ ಪೂಜೆ ನಮ್ಮವರದ್ದು. ಬೇಸಿಗೆ ಬಂದರೆ ಸುತ್ತಲಿನ ಬಾವಿಗಳ ನೀರು ಉಪ್ಪಾಗುತ್ತದೆ, ನಮ್ಮದು ಮಾತ್ರ ಆಗುವುದಿಲ್ಲ. ಅಜ್ಜಿಯ ಕಾಲದಲ್ಲಿ ಹಗ್ಗ ಒಳಗಿನ ಗೂಟದಲ್ಲಿ ನೇತಾಡುತ್ತಿತ್ತಂತೆ. ಮೀನುಗಾರರ ಮನೆಯ ಹೆಂಗಸರು ನೀರಿಗೆ ಬಂದರೆ ಬಾವಿಕಟ್ಟೆಯಿಂದ ದೂರದಲ್ಲಿ ಕೊಡಪಾನ ಇಟ್ಟು ಕಾಯಬೇಕು. ಅಜ್ಜಿ ಪುರುಸೊತ್ತು ಮಾಡಿಕೊಂಡು ಹಗ್ಗ ತಂದು, ಮೊದಲು ಮನೆಗೆ ಬೇಕಾದ್ದನ್ನು ಸೇದಿ, ಆಮೇಲೆ ಅವರ ಕೊಡಪಾನಕ್ಕೆ ಮೇಲಿನಿಂದ ಹೊಯ್ಯುತ್ತಿದ್ದರು. ಅಜ್ಜಿ ಹೋದ ಮೇಲೆ ಅಪ್ಪಯ್ಯ ಆ ಹಗ್ಗವನ್ನು ರಾಟೆಗೆ ಏರಿಸಿ ಅಲ್ಲೇ ಬಿಟ್ಟರು. "ಇನ್ನ್ ಇದ್ ಒಳ್ಗ್ ಬಪ್ಪುಕಾಗ" ಎಂದರು, ಅಷ್ಟೆ. ಅವತ್ತಿನಿಂದ ಯಾರೂ ಕೇಳುವುದಿಲ್ಲ, ಬಂದು ತಮ್ಮ ಕೈಯಾರೆ ಸೇದಿಕೊಂಡು ಹೋಗುತ್ತಾರೆ. ಅಪ್ಪಯ್ಯ ತೀರಿಕೊಂಡ ಮೇಲೂ ಅದು ಹಾಗೇ ನಡೆದಿತ್ತು. ನಮ್ಮ ಮನೆಯ ಬಗ್ಗೆ ನನಗೇನಾದರೂ ಹೆಮ್ಮೆ ಇದ್ದರೆ ಅದು ಆ ಹಗ್ಗದ್ದು.

ನಾನು ಬ್ರಹ್ಮಾವರದ ಬದಿಯ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಲೇಸರ್ ಬೆಳಕಿನಿಂದ ಕಣಗಳ ಗಾತ್ರ ಅಳೆಯುವ ಹೊಸ ಯಂತ್ರ ಬಂತು. ದ್ರವದಲ್ಲಿ ತೇಲುವ ಕಣಗಳಿಗೆ ಬೆಳಕು ಬಡಿದು ಚದುರುತ್ತದೆ. ಸಣ್ಣ ಕಣ ಬೇಗ ಬೇಗ ನಡುಗುತ್ತದೆ, ದೊಡ್ಡದು ನಿಧಾನ. ಚದುರಿದ ಬೆಳಕಿನ ಮಿನುಗಾಟ ನೋಡಿ ಯಂತ್ರ ಗಾತ್ರ ಹೇಳುತ್ತದೆ. ಅದನ್ನು ಕೈಯಿಂದಲೇ ಮಾಡಿ ಕಲಿಯಬೇಕೆಂದು ತರಬೇತಿ ಇಟ್ಟರು. ಕುಂದಾಪುರದ ಕಾಲೇಜುಗಳಿಂದ ಒಂದಿಷ್ಟು ಜನ ಬಂದರು. ಶಿರೂರಿನಿಂದ ಮೀನೆಣ್ಣೆ ಪರೀಕ್ಷೆ ಮಾಡುವ ಒಬ್ಬರು ಬಂದಿದ್ದರು, ಬಾಯಿ ಬಿಟ್ಟರೆ ತಮಾಷೆ.

ಕಲಿಸಲು ಬಂದ ಮೇಡಂ ಮೊದಲ ದಿನ ಯಂತ್ರವನ್ನು ಮುಟ್ಟಲೇ ಬಿಡಲಿಲ್ಲ. ನೀರು ತುಂಬುವ ಪುಟ್ಟ ಗಾಜಿನ ಪಾತ್ರೆ, ಕ್ಯುವೆಟ್, ಅದನ್ನು ಹಿಡಿಯುವುದನ್ನೇ ಕಲಿಸಿದರು. ಮೇಲಿನ ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಬೆಳಕು ಹಾಯುವ ಮೈಗೆ ಬೆರಳು ಸೋಕಬಾರದು, ತೊಳೆದದ್ದನ್ನು ಬೇರೆ ಯಾರೂ ಮುಟ್ಟಬಾರದು. ನನಗೆ ಒಮ್ಮೆಗೇ ಬಂತು. "ಹ್ವಾಯ್, ನಿಮ್ಗಿದ್ ಕಲ್ಸುದೇ ಬೇಡ, ಮನೆಯಂಗೆ ಮಡಿ ಮಾಡಿ ಅಭ್ಯಾಸ ಇತ್ತಲೆ!" ಎಂದರು ಶಿರೂರಿನವರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ನಗುವಿನ ಅಮಲಿನಲ್ಲಿ ಅಪ್ಪಯ್ಯನ ಹಗ್ಗದ ಕಥೆಯನ್ನೂ ಹೇಳಿದೆ. ನಮ್ಮ ಮನೆಯ ಮಡಿ ಬಾವಿಕಟ್ಟೆಯಲ್ಲೇ ಮುಗಿದಿದೆ ಎಂದು ಬೀಗಿದೆ.

ಮರುದಿನ ನಿಮಗೆ ಗೊತ್ತಿರುವ ಅತ್ಯಂತ ಸ್ವಚ್ಛ ನೀರು ತನ್ನಿ ಎಂದಿದ್ದರು ಮೇಡಂ. ಒಬ್ಬರು ಬಾಟಲಿ ನೀರು ತಂದರು, ಒಬ್ಬರು ಮನೆಯ ಫಿಲ್ಟರಿನದ್ದು. ನಾನು ಬಾವಿಯ ನೀರು ತಂದೆ. ದೀಪ ಆರಿಸಿ, ಮೇಡಂ ಮೊದಲು ತಾವು ಸೋಸಿದ ನೀರಿಗೆ ಕೆಂಪು ಲೇಸರ್ ಹಾಯಿಸಿದರು. ಬೆಳಕು ಒಳಗೆ ಹೊಕ್ಕಲ್ಲಿ ಒಂದು ಚುಕ್ಕಿ, ಹೊರಬಂದಲ್ಲಿ ಒಂದು ಚುಕ್ಕಿ, ನಡುವೆ ಕತ್ತಲೆ. ಬಾಟಲಿ ನೀರಿನಲ್ಲಿ ತೆಳುವಾದೊಂದು ಗೆರೆ. ನನ್ನ ನೀರಿನಲ್ಲಿ ಬೆರಳಿನ ಗಾತ್ರದ ಕೆಂಪು ಪಟ್ಟಿ, ಅದರೊಳಗೆ ಕಸ ಕುಣಿಯುತ್ತಿತ್ತು.

"ಇದ್ ನೀರಾ, ಸಾರಾ ಮರಾಯ್ರೆ?" ಎಂದು ಕತ್ತಲೆಯಲ್ಲಿ ಶಿರೂರಿನವರ ದನಿ ಕೇಳಿತು.

ಕುಡಿಯಲು ಇದರಿಂದ ತೊಂದರೆಯಿಲ್ಲ ಎಂದರು ಮೇಡಂ. ಕಣದ ಗಾತ್ರ ಎರಡು ಪಟ್ಟಾದರೆ ಅದು ಚದುರಿಸುವ ಬೆಳಕು ಅರವತ್ತನಾಲ್ಕು ಪಟ್ಟಾಗುತ್ತದೆ, ದೊಡ್ಡದೊಂದು ದೂಳು ಬಿದ್ದರೆ ಯಂತ್ರಕ್ಕೆ ಉಳಿದದ್ದೇನೂ ಕಾಣುವುದಿಲ್ಲ ಎಂದು ವಿವರಿಸಿದರು. ಬಾವಿಯ ಹಗ್ಗ ಯಾವುದೆಂದು ಕೇಳಿದರು. ತೆಂಗಿನ ನಾರಿನದ್ದು ಎಂದೆ. ನಾರು ಉದುರುತ್ತದೆ, ಜನ ಸೇದುವಾಗ ತಳದ ಕೆಸರು ಏಳುತ್ತದೆ ಎಂದರು. ಆಮೇಲೆ, ಸೋಸದೆ, ಬರೀ ಕೈಯ ಎಚ್ಚರದಿಂದ ಎಷ್ಟು ಶುಭ್ರ ಮಾಡಬಹುದೋ ನಾಳೆ ಮಾಡಿಕೊಂಡು ಬನ್ನಿ ಎಂದು ಎಲ್ಲರಿಗೂ ಕೆಲಸ ಕೊಟ್ಟರು. ನನಗೆ ಸೋಲೆಂದರೆ ಮೈಯೆಲ್ಲ ಉರಿ. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಆ ಕೆಂಪು ಪಟ್ಟಿಯದ್ದೇ ಯೋಚನೆ.

ಮನೆಗೆ ಬಂದವಳು ಚಪ್ಪಲಿಯನ್ನೂ ಕಳಚದೆ ಬಾವಿಕಟ್ಟೆಗೆ ಹೋದೆ. ಅಲ್ಲಿ ನಮ್ಮ ನೆರೆಯವಳು ನೀರು ಸೇದುತ್ತಿದ್ದಳು. ಸಂತೆಯಲ್ಲಿ ಮೀನು ಮಾರಿ ಬಂದು, ಮಿಂದು, ಸಂಜೆ ಕೊಡಪಾನ ಹಿಡಿದು ನಮ್ಮಲ್ಲಿಗೆ ಬರುವುದು ಅವಳ ಪ್ರತಿ ಬೇಸಿಗೆಯ ರೂಢಿ. ನನ್ನದೇ ಪ್ರಾಯ. ಚಿಕ್ಕವರಿದ್ದಾಗ ಇಬ್ಬರೂ ಅದೇ ಹಗ್ಗಕ್ಕೆ ಜೋತುಬಿದ್ದು ಅಪ್ಪಯ್ಯನಿಂದ ಬೈಸಿಕೊಂಡಿದ್ದೇವೆ. ಅವಳ ಕೊಡಪಾನ ಅರ್ಧ ತುಂಬಿತ್ತು.

"ಇವತ್ತಿಗ್ ಸಾಕ್, ಇನ್ನ್ ಮುಟ್ಟಬೇಡ" ಎಂದು ಅವಳ ಕೈಯಿಂದ ಹಗ್ಗ ತೆಗೆದುಕೊಂಡೆ. "ನಾಳೆ ಬೆಳಿಗ್ಗೆ ನಾನ್ ಮೊದ್ಲ್ ತೆಗಿತೆ. ಆಮೇಲ್ ಬಾ."

ಅವಳು ನನ್ನ ಮುಖ ನೋಡಿದಳು. "ಎಂತಕೆ?" ಎಂದಳು.

"ಲ್ಯಾಬಿಗ್ ಬೇಕ್. ನೀರ್ ಅಲುಗುಕಾಗ. ಮಿಷನಂಗೆ ಎಲ್ಲ ಕಾಣತ್ತ್."

ಅವಳು ಅರ್ಧ ತುಂಬಿದ ಕೊಡಪಾನವನ್ನು ಸೊಂಟಕ್ಕೇರಿಸಿ ಹೋದಳು. ನಾನು ನಾರಿನ ಹಗ್ಗವನ್ನು ಸುತ್ತಿ ಒಳಗೆ ತಂದೆ. ಎಲ್ಲಿಡುವುದೆಂದು ನೋಡಿ, ಕೈಗೆ ಸಿಕ್ಕ ಗೂಟಕ್ಕೆ ತೂಗುಹಾಕಿದೆ. ಬೆಳಿಗ್ಗೆ ಹೊಸ ನೈಲಾನ್ ಹಗ್ಗ ಬಿಸಿನೀರಿನಲ್ಲಿ ತೊಳೆದು, ಅಲುಗದ ಬಾವಿಯಿಂದ ಉಸಿರು ಬಿಗಿಹಿಡಿದು ಒಂದು ಪಾತ್ರೆ ನೀರೆತ್ತಿದೆ.

ಲೇಸರ್ ಹಾಯಿಸಿದಾಗ ಗೆರೆ ನೂಲಿನಷ್ಟು ಸಣ್ಣದಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಹೆಂಗ್ ಮಾಡಿದ್ರಿ?" ಎಂದು ಶಿರೂರಿನವರು ಕೇಳಿದರು. ನಾನು ಹುರುಪಿನಲ್ಲಿ ಹೇಳುತ್ತ ಹೋದೆ: ಹಗ್ಗ ಒಳಗೆ ತಂದಿಟ್ಟೆ, ಬೇರೆಯವರು ಮುಟ್ಟದ ಹಾಗೆ ಮಾಡಿದೆ, ಮೊದಲ ನೀರು ನಾನೇ ತೆಗೆದೆ. ಹೇಳುತ್ತಿದ್ದಂತೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಅಜ್ಜಿ ಮಾಡುತ್ತಿದ್ದದ್ದು ಅದನ್ನೇ, ಅದೇ ಕ್ರಮದಲ್ಲಿ. ನಾನು ಹಗ್ಗ ಹಾಕಿದ ಗೂಟವೂ ಅದೇ. ಶಿರೂರಿನವರು ಈ ಸಲ ತಮಾಷೆ ಮಾಡಲಿಲ್ಲ, ನನ್ನ ಕ್ಯುವೆಟ್ಟನ್ನೇ ನೋಡುತ್ತ ನಿಂತರು.

ಅವತ್ತು ಸಂಜೆ ಹಗ್ಗವನ್ನು ಮತ್ತೆ ರಾಟೆಗೆ ಏರಿಸಿ ಕಾದೆ. ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ನಾನೇ ಅವಳ ಮನೆಗೆ ಹೋದೆ. ಅಂಗಳದಲ್ಲಿ ಕೂತು ಬೆಳಕು, ಕಣ, ಕೆಸರು ಎಂದು ಒಂದಿಷ್ಟು ವಿವರಿಸಿದೆ. ಹೇಳಿದಷ್ಟೂ ನೆಪದಂತೆ ಕೇಳುತ್ತಿತ್ತು. ಅವಳು ಚಹಾ ಕೊಟ್ಟಳು, ಮಕ್ಕಳ ಸುದ್ದಿ ಕೇಳಿದಳು.

"ಎಂತದೂ ಇಲ್ಲೆ ಅಮ್ಮ, ನಮ್ಗೀಗ ನಳ್ಳಿ ನೀರ್ ಬತ್ತ್" ಎಂದಳು. ಅವಳು ನನ್ನನ್ನು ಎಂದೂ ಅಮ್ಮ ಎಂದು ಕರೆದವಳಲ್ಲ. ಹೊರಡುವಾಗ ನೋಡಿದೆ, ನಲ್ಲಿಯ ಕೆಳಗಿನ ಬಕೆಟ್ ಒಣಗಿತ್ತು.

ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಅಂಥವಳಲ್ಲ ಎಂದು ಹೇಳಿಕೊಳ್ಳಲು ಒಂದು ಸಂದು ಸಿಗುತ್ತಿತ್ತು. ಆ ಸಂದನ್ನೂ ಅವಳು ಕೊಡಲಿಲ್ಲ. ಅಪ್ಪಯ್ಯ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನಾನು ಒಂದೇ ಮಾತಿನಲ್ಲಿ ಮತ್ತೆ ತಂದಿದ್ದೆ. ಅಷ್ಟು ವರ್ಷ ಅವಳು ಕೇಳದೆ ಬಂದು ಸೇದಿದ್ದು ಆ ಒಂದು ಸಂಜೆಯ ಹಿಂದೆ ಮರೆಯಾಗಿಹೋಗಿತ್ತು.

ಬಿಸಿಲು ಇನ್ನೂ ಏರಿತು. ಒಂದು ಸಂಜೆ ಕೊಡಪಾನದ ಸದ್ದು ಕೇಳಿ ಹೊರಗೆ ಓಡಿದೆ. ಅವಳು ಬಂದಿದ್ದಳು. ಜೀವ ಬಂದಂತಾಯಿತು. ಆದರೆ ಅವಳು ಬಾವಿಕಟ್ಟೆಯ ಹತ್ತಿರ ಬರಲಿಲ್ಲ. ಅವಳ ಅಜ್ಜಿ ನಿಲ್ಲುತ್ತಿದ್ದಿರಬಹುದಾದಷ್ಟು ದೂರದಲ್ಲಿ, ತೆಂಗಿನ ಬುಡದಲ್ಲಿ ಕೊಡಪಾನ ಇಟ್ಟು ನಿಂತಿದ್ದಳು.

"ಬಾ, ಹಗ್ಗ ಅಲ್ಲೇ ಇತ್ತಲೆ" ಎಂದೆ.

"ಬ್ಯಾಡ, ನೀವೇ ಹೊಯ್ದ್ ಕೊಡಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ ಕೈ ತಾಗಿರೆ ನಿಮ್ ಮಿಷನಂಗೆ ಕಾಣತ್ತ್."

ಬೇಡ ಎಂದರೆ ಅವಳು ಖಾಲಿ ಕೊಡಪಾನ ಎತ್ತಿಕೊಂಡು ಹೋಗುತ್ತಾಳೆ ಎಂದು ಅವಳು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಅವಳಿಗೆ ಕುಡಿಯುವ ನೀರಿರಲಿಲ್ಲ. ನಾನು ಹಗ್ಗ ಹಿಡಿದು ಸೇದಿದೆ. ತೆಂಗಿನ ಬುಡಕ್ಕೆ ಹೊತ್ತುಕೊಂಡು ಹೋಗಿ, ಅಜ್ಜಿಯಂತೆ, ಅವಳ ಕೊಡಪಾನಕ್ಕೆ ಮೇಲಿನಿಂದ ಹೊಯ್ದೆ.