ನಾನು ನುಂಗಿದ ಪಂಚಮಿಯ ಕರೆ

ನನ್ನ ಹೆಂಡತಿಯನ್ನು ಪಂಚಮಿಗೆ ತವರಿಗೆ ಕರೆದ ಒಂದು ಫೋನನ್ನು ನಾನು ನುಂಗಿಹಾಕಿದೆ. ನುಂಗಿ, ಏನೂ ಆಗದವನ ಹಾಗೆ ಬಾಯಿ ಒರೆಸಿಕೊಂಡು, ಅವಳನ್ನು ಫ್ರಾನ್ಸಿಗೆ ಕರೆದೊಯ್ದು ಕ್ಯಾಂಪರ್ ವ್ಯಾನಿನಲ್ಲಿ ಊರೂರು ಸುತ್ತಿಸಿದೆ. ಇದು ಒಂದು ತಪ್ಪು. ಇದಕ್ಕಿಂತ ದೊಡ್ಡದು ಆ ಪ್ರವಾಸದಲ್ಲೇ ನಡೆಯಿತು, ಅದನ್ನೂ ಹೇಳುತ್ತೇನೆ. ಎರಡನ್ನೂ ಮಾಡಿದವನು ನಾನೇ. ಆದರೆ ಹುಬ್ಬಳ್ಳಿಯಲ್ಲಿ ಇವತ್ತಿಗೂ ತಪ್ಪು ಅವಳ ಹೆಸರಿನಲ್ಲಿದೆ.

ನಾನು ಬೆಂಗಳೂರಿನವನು, ಈಗಿರುವುದು ಅಮೆರಿಕದಲ್ಲಿ. ಸನಿವೇಲ್‌ನ ಅಪಾರ್ಟ್‌ಮೆಂಟು, ಸಾಂಟಾ ಕ್ಲಾರಾದಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಒಂದು ಕಂಪನಿಯ ಕೆಲಸ, ಉಳಿದ ಹೊತ್ತೆಲ್ಲ ಮಿಮಿಕ್ರಿ. ಇಲ್ಲಿನ ಕನ್ನಡದವರ ಮನೆಗಳಲ್ಲಿ ಊಟ ಮುಗಿದು ಮೊಸರನ್ನದ ಕೈ ಒಣಗುವ ಮೊದಲೇ ‘ಸೀನ, ಏನಾದ್ರೂ ಮಾಡೋ’ ಎಂಬ ಕೂಗು ಬರುತ್ತಿತ್ತು. ನನ್ನ ಮ್ಯಾನೇಜರ್ ಕೆಮ್ಮುವುದು, ಮನೆಯ ಯಜಮಾನರು ಬೆಲೆ ಕೇಳಿ ಹೌಹಾರುವುದು, ನಾನೇ ಅಮೆರಿಕನ್ನರ ಎದುರು ನಾಲಿಗೆ ಹೊರಳಿಸಿ ‘ವಾಟರ್’ ಕೇಳಲು ಹೋಗಿ ಬೆಣ್ಣೆ ತರಿಸಿಕೊಂಡದ್ದು — ಯಾರನ್ನೂ ಬಿಟ್ಟವನಲ್ಲ. ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದ ಐಟಮು ನನ್ನ ಮಾವ.

ಮಾವ ಹುಬ್ಬಳ್ಳಿಯಲ್ಲಿ ಜವಳಿ ಅಂಗಡಿಯವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಗಿರಿಜಾಳನ್ನು ಬೆಳೆಸಿ, ಓದಿಸಿ, ಇಲ್ಲಿಗೆ ಕಳಿಸಿದವರು. ಅವಳು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು, ನನಗೆ ಸಿಕ್ಕಿದಳು. ಜಾತಿ ಬೇರೆ. ಆದರೂ ನಾನು ಧೈರ್ಯ ಮಾಡಿ ಹುಬ್ಬಳ್ಳಿಗೆ ಫೋನು ಹಚ್ಚಿ, ಬಾಯಿಪಾಠ ಮಾಡಿಕೊಂಡ ವಿನಯದಲ್ಲಿ ಹೆಣ್ಣು ಕೇಳಿದೆ. ಆ ಕಡೆಯಿಂದ ಬಂದದ್ದು ಇಷ್ಟು:

“ಫೋನಿನಾಗ ಹೆಣ್ಣು ಕೇಳಾಂವನ್ನ ಈಗ ನೋಡಿದ್ನಿ ನೋಡ್ರಿ! ನಾಳೆ ತಾರಿನಾಗ ತಾಳಿ ಕಳಸ್ತೀರೇನು?”

ಟಕ್ ಎಂದು ಇಟ್ಟರು. ನಾವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಿಜಿಸ್ಟರ್ ಮದುವೆಯಾದೆವು. ಅವರು ಮಗಳ ಜೊತೆ ಮಾತು ಬಿಟ್ಟರು. ನಾನು ಮಾತ್ರ ಆ ತಾಳಿ-ತಾರಿನ ಮಾತನ್ನು ಎತ್ತಿಟ್ಟುಕೊಂಡು, ಆ ಗಂಟಲು, ಆ ಗುಡುಗು, ಕೊನೆಗೆ ಫೋನು ಕುಕ್ಕಿದ ಸದ್ದು — ಎಲ್ಲವನ್ನೂ ತಿದ್ದಿ ತೀಡಿ ಮನೆಮನೆಯಲ್ಲಿ ಆಡಿ ತೋರಿಸಿದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಗಿರಿಜಾಳೂ ನಗುತ್ತಿದ್ದಳು. ಕೆಲವೊಮ್ಮೆ ಅಡುಗೆ ಮಾಡುತ್ತ ತಾನಾಗಿಯೇ, “ಏ, ನಮ್ಮಪ್ಪನ್ನ ಮಾಡು” ಎನ್ನುತ್ತಿದ್ದಳು. ಅದು ನಗುವುದಕ್ಕೆ ಕೇಳಿದ್ದೆಂದು ನಾನು ತಿಳಿದಿದ್ದೆ. ಅಪ್ಪನ ದನಿ ಕೇಳಲು ಅವಳಿಗಿದ್ದ ದಾರಿ ಅದೊಂದೇ ಎಂಬುದು — ಹೊಳೆಯಲಿಲ್ಲ. ಹೊಳೆದಿತ್ತೇನೋ. ಈಗ ಯಾವುದನ್ನೂ ಆಣೆ ಮಾಡಿ ಹೇಳಲಾರೆ.

ಮದುವೆಯಾದಾಗ ಹನಿಮೂನ್ ಎಂದು ಎಲ್ಲಿಗೂ ಹೋಗಿರಲಿಲ್ಲ. ಎರಡು ವರ್ಷದ ನಂತರ ಫ್ರಾನ್ಸ್ ಎಂದು ನಿಶ್ಚಯಿಸಿದೆವು. ಹೋಟೆಲಿಲ್ಲ, ಗೈಡಿಲ್ಲ. ಪ್ಯಾರಿಸ್ಸಿನ ಹೊರಗೆ ಬಾಡಿಗೆಗೆ ಒಂದು ಕ್ಯಾಂಪರ್ ವ್ಯಾನು. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಹಳ್ಳಿಗಳ ನಡುವೆ ಹಾದು ಸಮುದ್ರದ ದಂಡೆ ಹಿಡಿಯುವುದು. ನಾನು ದಿನವೂ ಫ್ರೀವೇಯಲ್ಲಿ ಫ್ರೆಂಚ್ ಕಲಿಸುವ ಕ್ಯಾಸೆಟ್ಟು ಹಾಕಿಕೊಂಡು, ಪಕ್ಕದ ಲೇನಿನವರು ತಿರುಗಿ ನೋಡುವ ಹಾಗೆ ಗೊರಗೊರ ಗಂಟಲು ತಿರುಗಿಸುತ್ತಿದ್ದೆ. ಸಿಕ್ಕವರಿಗೆಲ್ಲ ಡಂಗುರ ಹೊಡೆದಾಗಿತ್ತು.

ಹೊರಡಲು ಇನ್ನೊಂದು ವಾರವಿತ್ತು. ಬೆಳಿಗ್ಗೆ ಗಿರಿಜಾ ಲ್ಯಾಬಿಗೆ ಹೋದ ಹಿಂದೆಯೇ ಫೋನು ಬಂತು. ಟ್ರಂಕ್ ಕಾಲಿನ ಆ ಗೊರಗುಟ್ಟುವಿಕೆ, ಆಮೇಲೆ — ನಾನು ನೂರು ಸಲ ಆಡಿದ ದನಿ. ಆದರೆ ಗುಡುಗಿರಲಿಲ್ಲ.

“ಗಿರಿಜಾ ಅದಾಳೇನ್ರಿ?”

ಕೆಲಸಕ್ಕೆ ಹೋಗಿದ್ದಾಳೆ ಸರ್, ಎಂದೆ. ಮಾವ ಎನ್ನಲು ನಾಲಿಗೆ ಏಳಲಿಲ್ಲ.

“ಹಂಗಾರ ನಿಮಗ ಹೇಳ್ತೀನಿ. ಪಂಚಮಿ ಬಂತು. ಮಗಳು ಮನಿಗಿ ಬರಬೇಕು. ಜೋಕಾಲಿ ಕಟ್ಟಸ್ತೀನಿ ಅಂತ ಹೇಳ್ರಿ. ಆಕಿ ಮದ್ಲ ಬರ್ಲಿ. ನೀವು ಆಮ್ಯಾಲೆ ಕರಕೊಂಡು ಹೋಗಾಕ ಬರ್ರಿ.”

“ಆಗ್ಲಿ ಸರ್. ಹೇಳ್ತೀನಿ.”

ಹೇಳಲಿಲ್ಲ.

ನನ್ನೂರಿನಲ್ಲಿ ನಾಗರಪಂಚಮಿ ಎಂದರೆ ಹುತ್ತಕ್ಕೆ ಒಂದು ಲೋಟ ಹಾಲು, ಮನೆಯಲ್ಲಿ ತಂಬಿಟ್ಟು, ಅಷ್ಟೇ. ಅವಳ ಸೀಮೆಯಲ್ಲಿ ಅದು ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ಮಗಳನ್ನು ತವರಿನವರು ಕರೆಯಲೇಬೇಕು, ಉಂಡಿ ಕಟ್ಟಬೇಕು, ಜೋಕಾಲಿ ತೂಗಬೇಕು. ಕರೆದರೆ ಅವಳು ಮನೆಯ ಮಗಳು, ಕರೆಯದಿದ್ದರೆ — ತವರೇ ಇಲ್ಲದವಳು. ‘ನೀವು ಆಮ್ಯಾಲೆ ಬರ್ರಿ’ ಎಂದದ್ದನ್ನು ನಾನು ಅವಮಾನ ಎಂದುಕೊಂಡೆ. ಎರಡು ವರ್ಷದ ಮೇಲೆ ಫೋನು ಮಾಡಿ ನನ್ನ ಹೆಸರನ್ನೂ ಕೇಳದೆ, ನಿನ್ನದು ಆಮೇಲೆ ಎನ್ನುವುದೇ! ಹಬ್ಬ ಮುಗಿದ ಮೇಲೆ ಮಗಳನ್ನು ಕರೆದೊಯ್ಯಲು ಅಳಿಯ ಬರುವುದೇ ಅಳಿಯನ ಮರ್ಯಾದೆ ಎಂದು, ಅವರು ನನ್ನನ್ನು ಅಳಿಯ ಎಂದು ಒಪ್ಪಿದ ಮಾತೇ ಅದು ಎಂದು ತಿಳಿದದ್ದು ಬಹಳ ತಡವಾಗಿ.

ಆದರೆ ‘ಗೊತ್ತಿರಲಿಲ್ಲ’ ಎಂಬ ಕಂಬಳಿ ಹೊದ್ದು ಮಲಗಲಾರೆ. ಪಂಚಮಿಯ ಭಾರ ಗೊತ್ತಿರಲಿಲ್ಲ, ನಿಜ. ಗಿರಿಜಾ ಗೊತ್ತಿದ್ದಳಲ್ಲ? ಈ ಮಾತು ಕಿವಿಗೆ ಬಿದ್ದರೆ ಅವಳು ಫ್ರಾನ್ಸನ್ನು ಅಲ್ಲಿಯೇ ಕೆಡವಿ ಹುಬ್ಬಳ್ಳಿಯ ವಿಮಾನ ಹತ್ತುತ್ತಾಳೆ — ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹುಬ್ಬಳ್ಳಿಗೆ ವಿಮಾನವಿಲ್ಲದಿದ್ದರೂ ಹತ್ತುತ್ತಾಳೆ. ಸಂಜೆ ಬಂದವಳು ಚಪ್ಪಲಿ ಬಿಡುತ್ತ, “ಯಾರರ ಫೋನ್ ಮಾಡಿದ್ರೇನು?” ಎಂದು ಕೇಳಿದಳು. ವ್ಯಾನಿನವರು ಮಾಡುವುದಿತ್ತು, ಅದಕ್ಕೆ. ಯಾರೂ ಇಲ್ಲ ಎಂದೆ. ಬಂದ ಮೇಲೆ ಹೇಳಿದರಾಯಿತು, ಹಬ್ಬ ವರ್ಷವರ್ಷ ಬರುತ್ತದೆ — ಹೀಗೆ ನನಗೆ ನಾನೇ ಹೇಳಿಕೊಂಡೆ.

ಫ್ರಾನ್ಸು ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಕಷ್ಟ. ಕಿತ್ತಳೆ ಬಣ್ಣದ ವ್ಯಾನು, ಕೈಯಲ್ಲಿ ಬದಲಿಸುವ ಗೇರು, ಅಮೆರಿಕದ ಆಟೋಮ್ಯಾಟಿಕ್ ಕಾರಿಗೆ ಒಗ್ಗಿದ ನನ್ನ ಕಾಲಿಗೆ ಕ್ಲಚ್ಚು ಮರೆತೇಹೋಗಿತ್ತು. ಮೊದಲ ದಿನ ರಸ್ತೆಯ ಒಂದು ವೃತ್ತದಿಂದ ಹೊರಬರಲು ಗೊತ್ತಾಗದೆ ಅದನ್ನೇ ದೇವಸ್ಥಾನದ ಹಾಗೆ ಸುತ್ತಿದೆ. “ಇನ್ನೊಂದ್ ಸುತ್ತ ಹಾಕು, ಹರಕಿ ತೀರತೈತಿ” ಎಂದು ಗಿರಿಜಾ ಕೈಮುಗಿದಳು. ಸೂರ್ಯಕಾಂತಿಯ ಹೊಲಗಳ ನಡುವೆ ದಾರಿ. ಒಂದು ಹಳ್ಳಿಯ ದ್ರಾಕ್ಷಿತೋಟದವನು ತನ್ನ ಜಾಗದಲ್ಲೇ ವ್ಯಾನು ನಿಲ್ಲಿಸಲು ಬಿಟ್ಟ. ಅವಳು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಾಗ ಅವನ ಹೆಂಡತಿ ಕಿಟಕಿಗೆ ಬಂದು ಮೂಗು ಅರಳಿಸಿದಳು, ಒಂದು ತಟ್ಟೆ ತಿಂದು ಒಂದು ಬುಟ್ಟಿ ಟೊಮೆಟೊ ಕೊಟ್ಟಳು. ನಾನು ಬೇಕರಿಯವಳನ್ನು, ಪೆಟ್ರೋಲ್ ಬಂಕಿನವನನ್ನು, ಅವರ ಎದುರು ನಿಂತು ಕ್ಯಾಸೆಟ್ಟಿನ ಫ್ರೆಂಚ್ ಉದುರಿಸುವ ನನ್ನನ್ನು — ಎಲ್ಲರನ್ನೂ ಮಾಡಿ ತೋರಿಸಿದೆ. ಅವಳು ನಗುವುದನ್ನು ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಆ ಫೋನು ಒಮ್ಮೆ ರಿಂಗಾಗುತ್ತಿತ್ತು. ಇವತ್ತು ಹೇಳುತ್ತೇನೆ, ಊಟವಾಗಲಿ. ನಾಳೆ ಹೇಳುತ್ತೇನೆ, ಈ ಊರು ದಾಟಲಿ —

ಫ್ರಾನ್ಸಿನ ಪಶ್ಚಿಮ ತುದಿಗೆ, ಬ್ರಿಟನಿಯ ಕಡಲಿಗೆ ಬಂದೆವು. ಅಲ್ಲಿ ನೀರು ಇಳಿದರೆ ಇಳಿಯುವುದು ಮೈಲಿಗಟ್ಟಲೆ. ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಮಲಗಿದ್ದವು. ಊರಿನ ಜನ ಬಕೆಟ್ಟು, ಸಣ್ಣ ಗುದ್ದಲಿ ಹಿಡಿದು ಕಪ್ಪೆಚಿಪ್ಪು ಕೆದಕಲು ಇಳಿದಿದ್ದರು. ಅಮಾವಾಸ್ಯೆ, ಅದಕ್ಕೇ ನೀರು ಇಷ್ಟು ದೂರ ಹೋಗಿದೆ ಎಂದು, ನಾವು ವ್ಯಾನು ನಿಲ್ಲಿಸಿದ್ದ ಕ್ಯಾಂಪಿನ ಯಜಮಾನ ಕೈಸನ್ನೆಯಲ್ಲಿ ತಿಳಿಸಿದ. ಗಿರಿಜಾ ನಿಂತಲ್ಲೇ ಬೆರಳು ಮಡಿಚಿದಳು.

“ಇದು ನಾಗರ ಅಮಾಸಿ. ಐದನೇ ದಿನಕ್ಕ ಪಂಚಮಿ.”

ಅಷ್ಟೇ ಅಂದಳು. ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ನಾನು ಬದುಕಿದೆ ಅಂದುಕೊಂಡೆ.

ಪಂಚಮಿಯ ದಿನ ನಾವಿದ್ದದ್ದು ಅದೇ ಕಡಲ ಇನ್ನೊಂದು ಹಳ್ಳಿಯ ಕ್ಯಾಂಪಿನಲ್ಲಿ. ಮಕ್ಕಳಿಗೆಂದು ಕಬ್ಬಿಣದ ಸರಪಳಿಯ ಉಯ್ಯಾಲೆಯೊಂದು ಅಲ್ಲಿತ್ತು. ಮಧ್ಯಾಹ್ನ ಮಕ್ಕಳೆಲ್ಲ ನೀರಿಗೆ ಹೋದ ಹೊತ್ತು ನೋಡಿ ಗಿರಿಜಾ ಹೋಗಿ ಕೂತಳು. ನನ್ನನ್ನು ಕರೆದು, ತೂಗು ಎಂದಳು. ತೂಗಿದೆ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಹೋಗಿ ಬರುತ್ತಿತ್ತು.

“ನನ್ನ ಗೆಳತ್ಯಾರೆಲ್ಲ ತವರಮನಿಗಿ ಬಂದಿರ್ತಾರ ಇವತ್ತು,” ಎಂದಳು. ಒಂದೆರಡು ಸಲ ಹೋಗಿ ಬಂದಳು. “ಏ, ನಮ್ಮಪ್ಪನ್ನ ಮಾಡು. ಬೈಯೂದು ಬ್ಯಾಡ. ಹಬ್ಬಕ್ಕ ಕರದಂಗ ಮಾಡು.”

ಆ ಕ್ಷಣದಲ್ಲಿ ನಾನು ಉಯ್ಯಾಲೆ ಹಿಡಿದು ನಿಲ್ಲಿಸಿ, ಎದುರಿಗೆ ಬಂದು, ನೋಡು ಹೀಗಾಯಿತು ಎನ್ನಬಹುದಿತ್ತು. ಎನ್ನಬೇಕಿತ್ತು. ನಾನು ಗಂಟಲು ಸರಿ ಮಾಡಿಕೊಂಡೆ.

“ಪಂಚಮಿ ಬಂತು. ಮಗಳು ಮನಿಗಿ ಬರಬೇಕು. ಜೋಕಾಲಿ ಕಟ್ಟಸ್ತೀನಿ ಅಂತ ಹೇಳ್ರಿ. ಆಕಿ ಮದ್ಲ ಬರ್ಲಿ. ನೀವು ಆಮ್ಯಾಲೆ ಕರಕೊಂಡು ಹೋಗಾಕ ಬರ್ರಿ.”

ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ತೆಗೆದಿಲ್ಲ. ಗಿರಿಜಾ ಜೋರಾಗಿ ನಕ್ಕಳು — ತಲೆ ಹಿಂದಕ್ಕೆ ಚೆಲ್ಲಿ, ಆಕಾಶಕ್ಕೆ ಮುಖ ಮಾಡಿ. ಉಯ್ಯಾಲೆ ತಾನಾಗಿ ನಿಧಾನವಾಯಿತು. ಕಾಲು ನೆಲಕ್ಕೆ ಊರಿ ಕಣ್ಣು ಒರೆಸಿಕೊಳ್ಳುತ್ತ, “ನಮ್ಮಪ್ಪ ಹಂಗ ಅನ್ನಾಂವಲ್ಲ ಬಿಡು. ಭಾಳ ಛಲೋ ಮಾಡಿಟ್ಟಿ ನೀ ಅವನ್ನ,” ಎಂದಳು.

ಆಗಲೂ ಹೇಳಲಿಲ್ಲ. ಒಂದು ಹೊರೆ ಇಳಿಯಿತು ಎಂದೇ ಅನಿಸಿತು ನನಗೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮಾತು ತಲುಪಿಸಿದೆನಲ್ಲ, ಎಂದುಕೊಂಡೆ. ಕಳ್ಳ ಕದ್ದ ಒಡವೆಯನ್ನು ನಾಟಕದ ಒಡವೆ ಎಂದು ಹೇಳಿ ಒಡತಿಯ ಕೊರಳಿಗೇ ಹಾಕಿದ ಹಾಗೆ.

ವಾಪಸು ಬಂದ ಮೇಲೆ ಒಂದು ಭಾನುವಾರ ಹತ್ತಿರದ ಲಾಸ್ ಗ್ಯಾಟೋಸ್‌ನಲ್ಲಿ ಪ್ರಭಣ್ಣನ ಮನೆಗೆ ಊಟಕ್ಕೆ ಹೋದೆವು. ಪ್ರಭಣ್ಣ ಮೈಸೂರಿನವರು, ನಮಗೆಲ್ಲ ಹಿರಿಯರು. ಪರದೆ ಎಳೆದು, ಗೋಡೆಯ ಮೇಲೆ ನಮ್ಮ ಸ್ಲೈಡುಗಳನ್ನು ಹಾಕಿದರು. ವ್ಯಾನು, ಸೂರ್ಯಕಾಂತಿ, ಕೆಸರಿನ ದೋಣಿ. ಆಮೇಲೆ ಉಯ್ಯಾಲೆಯ ಮೇಲೆ ಗಿರಿಜಾ.

“ಇದೇನೋ ಸೀನ, ಅಷ್ಟು ದುಡ್ಡು ಸುರಿದು ಹೋಗಿ ಇವಳನ್ನ ಉಯ್ಯಾಲೆ ಆಡಿಸಿಕೊಂಡು ಬಂದ್ಯಾ?” ಎಂದರು ಪ್ರಭಣ್ಣ.

“ಅವತ್ತು ಪಂಚಮಿ ರೀ,” ಎಂದಳು ಗಿರಿಜಾ. ನನ್ನ ಕಡೆ ತಿರುಗಿ, “ಅವತ್ತ ಮಾಡಿದೆಲ್ಲ, ನಮ್ಮಪ್ಪ ಕರದಂಗ? ಅದನ್ನ ಮಾಡಿ ತೋರಸು. ಆ ತಾಳಿದಕ್ಕಿಂತ ಛಲೋ ಐತಿ ಅದು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಎದ್ದು ನಿಂತೆ. ಗಂಟಲು ಸರಿ ಮಾಡಿಕೊಂಡೆ. ದನಿ ಬರಲಿಲ್ಲ. ಮಾವನದೂ ಬರಲಿಲ್ಲ, ನನ್ನದೂ ಬರಲಿಲ್ಲ. ತಲೆನೋವು ಎಂದು ಕೂತೆ. ಮನೆಗೆ ಮರಳುವಾಗ ಕಾರಿನಲ್ಲಿ ಗಿರಿಜಾ ಹಣೆ ಮುಟ್ಟಿ ನೋಡಿ, ಏನಾಯಿತು ಎಂದಳು. ಆ ಕೈ ಹಣೆಯ ಮೇಲಿದ್ದಾಗಲೇ ಹೇಳಿದೆ. ಫೋನು ಬಂದದ್ದು, ಆ ಮಾತು ನನ್ನದಲ್ಲದ್ದು, ಎಲ್ಲ.

ಕೈ ತೆಗೆದಳು. ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಫೋನಿನ ಹತ್ತಿರ ಹೋಗಿ ಹುಬ್ಬಳ್ಳಿಗೆ ಹಚ್ಚಿದಳು. ಅಲ್ಲಿ ಬೆಳಗಾಗಿತ್ತು.

“ಅಪ್ಪಾ. ನಾ.”

ಬಹಳ ಹೊತ್ತು ಕೇಳಿಸಿಕೊಂಡಳು. ನಾನು ಬಾಗಿಲಲ್ಲಿ ನಿಂತು, ನನ್ನ ಹೆಸರು ಬರುವುದನ್ನು ಕಾಯುತ್ತಿದ್ದೆ.

“ಹೂಂ, ಹೇಳಿದ್ರಪ್ಪಾ. ಅವರು ಹೇಳಿದ್ರು. ನನಗ ಬರಾಕ ಆಗಲಿಲ್ಲ.”

ಆ ಕಡೆ ಏನೆಂದರೋ. ಅವಳು ಇನ್ನೆರಡು ಸಲ ಹೂಂಗುಟ್ಟಿ ಇಟ್ಟಳು. ಹಬ್ಬ ಮುಗಿದು ಎಷ್ಟೋ ದಿನದವರೆಗೆ ಅಪ್ಪ ಜೋಕಾಲಿ ಬಿಚ್ಚಿಸಿರಲಿಲ್ಲವಂತೆ ಎಂದು ಗೋಡೆಗೆ ಹೇಳಿದಳು.

ಅದಾಗಿ ನಾಲ್ಕು ವರ್ಷ. ಯುಗಾದಿ, ದೀಪಾವಳಿಗೆ ಅಪ್ಪ-ಮಗಳ ನಡುವೆ ಫೋನಾಗುತ್ತದೆ. ಆರೋಗ್ಯ, ಮಳೆ, ಅಂಗಡಿ. ಪಂಚಮಿಗೆ ಕರೆ ಮತ್ತೆ ಬಂದಿಲ್ಲ. ಕರೆದರೂ ಬಾರದ ಮಗಳನ್ನು ಎರಡನೇ ಸಲ ಯಾವ ತಂದೆ ಕರೆದಾನು? ನಾನು ಹುಬ್ಬಳ್ಳಿಗೆ ಒಂದು ಫೋನು ಮಾಡಿ ನಿಜ ಹೇಳಿಬಿಡಬಹುದಿತ್ತು. ಅವಳು ಅಪ್ಪನಿಗೆ ಹೇಳಿದ ಆ ಒಂದು ಮಾತಿನ ಮರೆಯಲ್ಲಿ ನಾಲ್ಕು ವರ್ಷ ಅಡಗಿ ಕೂತೆ. ಈ ಶ್ರಾವಣಕ್ಕೆ ಮೊದಲು ನಾನೊಬ್ಬನೇ ಹೋಗಿ ಆ ಜವಳಿ ಅಂಗಡಿಯ ಮೆಟ್ಟಿಲು ಹತ್ತುತ್ತೇನೆ. ಅವರು ಕೂತುಕೋ ಎನ್ನದಿದ್ದರೆ ನಿಂತೇ ಹೇಳುತ್ತೇನೆ.

ಆ ಸಂಜೆ ಇಷ್ಟು ಧೈರ್ಯವಿರಲಿಲ್ಲ, ಅಥವಾ ಇದ್ದದ್ದು ಮಾತಿನ ಧೈರ್ಯ. ಅವಳು ಫೋನು ಇಟ್ಟ ಮೇಲೆ ಹತ್ತಿರ ಹೋಗಿ, “ಯಾಕೆ ಸುಳ್ಳು ಹೇಳಿದೆ ಗಿರಿಜಾ? ತಪ್ಪು ನಂದು ಅಂತ ಹೇಳಬೇಕಿತ್ತು. ಕೊಡು ಫೋನು, ನಾನೇ ಹೇಳ್ತೀನಿ,” ಎಂದೆ.

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿ ನೀರೂ ಇರಲಿಲ್ಲ.

“ಸುಳ್ಳೆಲ್ಲೈತಿ? ಅಪ್ಪ ಕರದಿದ್ದು ಖರೇ. ಜೋಕಾಲಿ ಮ್ಯಾಲೆ ಕುಂತು ನಾ ಕೇಳಿದ್ದು ಖರೇ. ಕೇಳಿ ನಕ್ಕಿದ್ದೂ ಖರೇ.”